ಮಂಗಳೂರಿನ ತಾರಾನಾಥರು ರಾಯಚೂರಿನ ಮೇಷ್ಟ್ರಾದ ಬಗೆ



ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬ ತಂದೆ-ತಾಯಿ ಬಂದಿದ್ದರು. ಮಗಳು ಪಿಯುಸಿ ಮುಗಿಸಿದ್ದಾಳೆ, ಒಳ್ಳೆಯ ಅಂಕಗಳಿವೆ. ಆದರೆ ಅವಳಿಗೆ ಎಂಜಿನಿಯರಿಂಗ್ ಬೇಡ, ನರ್ಸಿಂಗೂ ಬೇಡ. ಸಂಗೀತದಲ್ಲಿ ಪದವಿ ಮಾಡಬೇಕಂತೆ. ಫಾದರ್, ನೀವೇ ಸ್ವಲ್ಪ ಬುದ್ಧಿ ಹೇಳಿ ಎಂದು ಅವರ ಬೇಡಿಕೆ. ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುವುದು ಬೇರೆ, ಅದನ್ನೇ ನಂಬಿ ಬದುಕುವುದು ಬೇರೆ ಎಂಬ ಅವರ ಚಿಂತೆ ನಮಗೂ ಅರ್ಥವಾಗುತ್ತದೆ. ನಾವು ಸೆಮಿನರಿಯಲ್ಲಿದ್ದಾಗ ತತ್ವಶಾಸ್ತ್ರಕ್ಕೆ ಪರೀಕ್ಷೆ ಇತ್ತು, ಸಂಗೀತಕ್ಕೆ ಶನಿವಾರ ಸಂಜೆಯ ಅರ್ಧ ಗಂಟೆ ಇತ್ತು. ಯಾವುದು ಮುಖ್ಯ, ಯಾವುದು ಹೆಚ್ಚುವರಿ ಎಂಬುದನ್ನು ವೇಳಾಪಟ್ಟಿಯೇ ಹೇಳಿಬಿಡುತ್ತಿತ್ತು. ಅಂದು ನಾವು ಆ ತಂದೆ-ತಾಯಿಗೆ ಬುದ್ಧಿ ಹೇಳಲಿಲ್ಲ. ಬದಲಿಗೆ ನಮ್ಮ ಕರಾವಳಿಯಲ್ಲಿ ಹುಟ್ಟಿ ರಾಯಚೂರಿನಲ್ಲಿ ಹೆಸರಾದ ಒಬ್ಬರ ಕಥೆ ಹೇಳಿದೆವು. ಅದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಅವರೇ ಪಂಡಿತ ತಾರಾನಾಥರು. 1891ರಲ್ಲಿ ಮಂಗಳೂರಿನಲ್ಲಿ ಜನನ, 1942ರಲ್ಲಿ ನಿಧನ. ಕರಾವಳಿಯಲ್ಲಿ ಇಂದು ಈ ಹೆಸರು ಹೆಚ್ಚು ಮಂದಿಗೆ ಗೊತ್ತಿಲ್ಲ. ರಾಯಚೂರಿನಲ್ಲಿ ಹಾಗಲ್ಲ. ಅಲ್ಲಿ ತಾರಾನಾಥ ಶಿಕ್ಷಣ ಸಂಸ್ಥೆ ಇದೆ, ಅದರ ಎಲ್.ವಿ.ಡಿ. ಕಾಲೇಜಿನಲ್ಲಿ ಓದಿದವರು ಊರ ತುಂಬ ಇದ್ದಾರೆ, ತಾರಾನಾಥರು ತಾವೇ ಕಟ್ಟಿದ ಹಮ್‌ದರ್ದ್ ಶಾಲೆ ಇದೆ. ನಮ್ಮ ಕಡೆಯ ಗುರುಗಳು ಮತ್ತು ಧರ್ಮಭಗಿನಿಯರು ಈಗ ರಾಯಚೂರು, ಮಾನ್ವಿಯ ಕಡೆ ಸೇವೆಗೆ ಹೋಗುತ್ತಾರೆ. ಮಾನ್ವಿಯಲ್ಲಿ ಯೇಸುಸಭೆಯವರು ಶಾಲೆ ನಡೆಸುತ್ತಿದ್ದಾರೆ. ಹೋದವರು ರಜೆಗೆ ಬಂದಾಗ ಅಲ್ಲಿನ ಬಿಸಿಲಿನ ಮಾತು, ಜೋಳದ ರೊಟ್ಟಿಯ ಮಾತು ಬರುತ್ತದೆ. ಅದೇ ದಾರಿಯಲ್ಲಿ ಒಬ್ಬ ಮಂಗಳೂರಿಗ ನೂರು ವರ್ಷಗಳ ಹಿಂದೆಯೇ ಹೋಗಿ ಶಾಲೆ ಕಟ್ಟಿದ್ದರು ಎಂದರೆ ಕೇಳಿದವರಿಗೆ ಆಶ್ಚರ್ಯ!

ಅಂದಿನ ದಾರಿ ಇಂದಿನ ಹಾಗಿರಲಿಲ್ಲ. ತಾರಾನಾಥರು ಹುಡುಗರಾಗಿದ್ದಾಗ ಮಂಗಳೂರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ರಾಯಚೂರು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿ ಕಚೇರಿಯ ಭಾಷೆ ಇಂಗ್ಲಿಷ್, ಅಲ್ಲಿ ಉರ್ದು. ಕರ್ನಾಟಕ ಎಂಬ ರಾಜ್ಯದ ಹೆಸರಿನಲ್ಲಿ ನಾವು ಇಂದು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆಗ ಅವು ಎರಡು ದೇಶಗಳಿದ್ದ ಹಾಗೆಯೇ. ಆದರೆ ರಾಯಚೂರು ಮೂಲೆಯ ಊರೇನೂ ಆಗಿರಲಿಲ್ಲ. ಮುಂಬೈಯಿಂದ ಬಂದ ರೈಲು ದಾರಿ ಮದ್ರಾಸಿನಿಂದ ಬಂದ ದಾರಿಯನ್ನು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿನ ಬೀದಿಯಲ್ಲಿ ನಡೆಯುತ್ತವೆ.

ಆ ನೆಲದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು ಸೀಮೆ. ಈ ಸೀಮೆಯ ಹಳ್ಳಿಗಳಿಂದಲೇ ಹರಿದಾಸರ ಒಂದು ದೊಡ್ಡ ಪರಂಪರೆ ಬಂತು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯರು ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರು ಜಗನ್ನಾಥದಾಸರು. ಹುಟ್ಟಿದ್ದು ಹಿಂದಿನ ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ. ಜಗನ್ನಾಥದಾಸರ ಬಗ್ಗೆ ಅಲ್ಲಿನವರು ಹೇಳುವ ಕಥೆಯೊಂದಿದೆ. ಅವರು ಮೊದಲು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ವಿಜಯದಾಸರನ್ನು ಹಗುರವಾಗಿ ಕಂಡರು. ಆಮೇಲೆ ಕಠಿಣವಾದ ಹೊಟ್ಟೆನೋವು ಬಂತು, ಪಾಂಡಿತ್ಯ ಕೈಹಿಡಿಯಲಿಲ್ಲ. ಕೊನೆಗೆ ಗೋಪಾಲದಾಸರ ಬಳಿ ಬಂದು ವಾಸಿಯಾಯಿತು. ಪಂಡಿತರು ದಾಸರಾದರು, ಹಾಡು ಕಟ್ಟಿದರು. ಕಥೆಯ ನಿಜವನ್ನು ತೂಗುವುದು ನಮ್ಮ ಕೆಲಸವಲ್ಲ. ಓದು ದೊಡ್ಡದು, ಹಾಡು ಸಣ್ಣದು ಎಂಬ ತಕರಾರು ಆ ನೆಲದಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆಯೇ ಎದ್ದಿತ್ತು, ಹಾಡಿನ ಕಡೆಗೇ ತೀರ್ಪೂ ಆಗಿತ್ತು ಎಂಬುದಷ್ಟನ್ನು ಗಮನಿಸುತ್ತೇವೆ.

ಇಂಥ ನೆಲಕ್ಕೆ ತಾರಾನಾಥರು ಬಂದರು. ಅವರು ಏನಾಗಿದ್ದರು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಆಯುರ್ವೇದ ಬಲ್ಲ ವೈದ್ಯರು. ಹಲವು ಭಾಷೆಗಳನ್ನು ಬಲ್ಲವರು. ಲೇಖಕರು, ಪತ್ರಿಕೆಯ ಸಂಪಾದಕರು, ಭಾಷಣಕಾರರು. ಜಾತಿಭೇದವನ್ನು ಒಪ್ಪದವರು. ಗಾಂಧೀಜಿಯವರ ಕಾಲದ ರಾಷ್ಟ್ರೀಯ ಜಾಗೃತಿಯನ್ನು ರಾಯಚೂರಿನ ಕಡೆ ಹಚ್ಚಿದವರಲ್ಲಿ ಮೊದಲಿಗರು. ಇಷ್ಟೆಲ್ಲ ಇದ್ದೂ ಸಂಗೀತ ಮತ್ತು ನಾಟಕ ಅವರಿಗೆ ಬಿಡುವಿನ ವೇಳೆಯ ಹವ್ಯಾಸವಾಗಿರಲಿಲ್ಲ. ಅವರು ಹಿಂದೂಸ್ತಾನಿ ಸಂಗೀತ ಕಲಿತಿದ್ದರು, ಹಾಡುತ್ತಿದ್ದರು, ಕಲಿಸುತ್ತಿದ್ದರು. ರೋಗಿಗೆ ಮದ್ದು ಕೊಡುವ ಕೈ, ಹುಡುಗನಿಗೆ ತಾಳ ತೋರಿಸುವ ಕೈ ಎರಡೂ ಒಂದೇ ಆಗಿತ್ತು.

1920ರ ದಶಕದ ಆರಂಭದಲ್ಲಿ ಅವರ ಮುಂದಾಳುತನದಲ್ಲಿ ರಾಯಚೂರಿನಲ್ಲಿ ಒಂದು ಶಾಲೆ ತಲೆಯೆತ್ತಿತು. ಅದಕ್ಕೆ ಇಟ್ಟ ಹೆಸರು ಹಮ್‌ದರ್ದ್. ಈಗ ಈ ಹೆಸರು ಕೇಳಿದರೆ ಕೆಲವರಿಗೆ ಷರಬತ್ತಿನ ಸೀಸೆ ನೆನಪಾಗಬಹುದು! ಪಾರಸಿಯಲ್ಲಿ ಹಮ್ ಎಂದರೆ ಜೊತೆ, ದರ್ದ್ ಎಂದರೆ ನೋವು. ಇನ್ನೊಬ್ಬರ ನೋವಿನಲ್ಲಿ ಜೊತೆಯಾಗುವವನು ಹಮ್‌ದರ್ದ್. ಮಂಗಳೂರಿನ ಹಿಂದೂ ಮನೆತನದಲ್ಲಿ ಹುಟ್ಟಿದವರು ಕನ್ನಡ ಮಕ್ಕಳ ಶಾಲೆಗೆ ಸಂಸ್ಕೃತದ ಹೆಸರು ಇಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಊರಿನ ಎಲ್ಲರ ಬಾಯಲ್ಲೂ ಇದ್ದ ಭಾಷೆಯಿಂದ ಹೆಸರು ತೆಗೆದರು. ಹಿಂದೂ ಮಕ್ಕಳು, ಮುಸ್ಲಿಂ ಮಕ್ಕಳು ಒಂದೇ ಹೆಸರಿನ ಕೆಳಗೆ ಕೂರಲಿ ಎಂಬುದು ಅದರ ಅರ್ಥ.

ನಿಜಾಮರ ರಾಜ್ಯದಲ್ಲಿ ಖಾಸಗಿ ಶಾಲೆ ನಡೆಸುವುದು ಸುಲಭವಿರಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಗಿತ್ತು, ಅಂಥವು ಬೆರಳೆಣಿಕೆಯಷ್ಟೇ. ಶಾಲೆಗೂ ಸಭೆಗೂ ಸರ್ಕಾರದ ಅನುಮತಿ ಬೇಕು. ಅಧಿಕಾರಿಗಳಿಗೆ ಇಂಥ ಶಾಲೆಗಳ ಮೇಲೆ ಸದಾ ಸಂಶಯ. ಮೇಷ್ಟ್ರು ಚರಿತ್ರೆ ಹೇಳುತ್ತಾನೋ ಚಳವಳಿ ಹೇಳುತ್ತಾನೋ ಎಂದು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿ, ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟಿತ್ತು. ಅದು ದೊಡ್ಡ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಾಷೆ ಉರ್ದು. ಮಾನ್ವಿಯ, ದೇವದುರ್ಗದ ಕನ್ನಡ ಹುಡುಗನಿಗೆ ಅದರ ಬಾಗಿಲು ಅರ್ಧ ಮಾತ್ರ ತೆರೆದಿತ್ತು.

ಆ ಮೇಲೆ ತಾರಾನಾಥರು ರಾಯಚೂರಿನಿಂದ ಹೊಳೆ ದಾಟಿದರು. ರಾಯಚೂರಿನಿಂದ ಮದ್ರಾಸಿನ ಕಡೆ ರೈಲಿನಲ್ಲಿ ಹೋದರೆ ತುಂಗಭದ್ರೆಯ ಸೇತುವೆ ಸಿಗುತ್ತದೆ. ಆಗ ಸೇತುವೆಯ ಆಚೆ ದಂಡೆ ನಿಜಾಮರದ್ದಲ್ಲ, ಮದ್ರಾಸ್ ಪ್ರಾಂತ್ಯದ್ದು. ಮಂತ್ರಾಲಯಕ್ಕೆ ಹೋಗುವವರು ಇಂದು ಇಳಿಯುವ ನಿಲ್ದಾಣ ಆ ಕಡೆಯದೇ. ಅದರ ಹಳೆಯ ಹೆಸರು ತುಂಗಭದ್ರಾ. ಅಲ್ಲಿ ಅವರು ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು. ಆಯತನ ಎಂದರೆ ನೆಲೆ, ಮನೆ. ಪ್ರೇಮ ಎಂಬ ಹೆಸರಿನಲ್ಲೇ ಪತ್ರಿಕೆಯನ್ನೂ ನಡೆಸಿದರು. ಆಶ್ರಮ ಎಂದ ಕೂಡಲೇ ಕಣ್ಣುಮುಚ್ಚಿ ಕುಳಿತವರ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಅಲ್ಲಿದ್ದದ್ದು ಔಷಧಿ, ಪಾಠ, ಸಂಗೀತ, ನಾಟಕ. ಬಂದವರಲ್ಲಿ ಯಾರು ಯಾವ ಜಾತಿ ಎಂದು ಕೇಳುವವರಿರಲಿಲ್ಲ. ಅವರ ಮದುವೆಯೂ ಹಾಗೆಯೇ ಜಾತಿಯ ಗೆರೆ ದಾಟಿದ್ದು. ಪತ್ನಿ ಸುಮತಿಬಾಯಿಯವರು ಸ್ವತಃ ವಿದ್ಯಾವಂತೆ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಗಟ್ಟಿ ನಿಲುವಿನವರು.

ನಾಟಕದ ಮಾತು ಬಂದಾಗ ಬಳ್ಳಾರಿ ರಾಘವರನ್ನು ನೆನೆಯಬೇಕು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ರಾಘವರು ಬಳ್ಳಾರಿಯಲ್ಲಿ ವಕೀಲರು. ಹಗಲು ನ್ಯಾಯಾಲಯ, ರಾತ್ರಿ ರಂಗಭೂಮಿ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ನಟಿಸಿದವರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಆ ಕಾಲದಲ್ಲೇ ಹಟ ಹಿಡಿದವರು. ಇಂಥ ದೊಡ್ಡ ನಟ ತಾರಾನಾಥರ ಒಡನಾಟಕ್ಕೆ ಬಂದರು, ಅವರನ್ನು ಗುರುವಿನಂತೆ ಕಂಡರು. ತಾರಾನಾಥರು ಬರೆದ ನಾಟಕ ದೀನಬಂಧು ಕಬೀರ. ನೇಕಾರನಾಗಿದ್ದ ಕಬೀರ ಹಿಂದೂಗಳಿಗೂ ಮುಸ್ಲಿಮರಿಗೂ ಬೇಕಾದವನು. ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟ ಮನುಷ್ಯ ನಾಟಕಕ್ಕೆ ಈ ವಸ್ತುವನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತರಗತಿಯಲ್ಲಿ ಹೇಳಿದ್ದನ್ನೇ ಅವರು ರಂಗದ ಮೇಲೂ ಹೇಳಿದರು.

ನಮಗೆ ತಾರಾನಾಥರು ದೊಡ್ಡವರಾಗಿ ಕಾಣುವುದು ಮುಖ್ಯವಾಗಿ ಇಲ್ಲಿ. ಕಲೆಯನ್ನು ಕಲಿಸುವವನು ಆ ಕಲೆಯನ್ನು ದಿನವೂ ಮಾಡುವವನಾಗಿರಬೇಕು ಎಂಬುದನ್ನು ಅವರು ವಾದವಾಗಿ ಮಂಡಿಸಲು ಹೋಗಲಿಲ್ಲ, ಹಾಗೆ ಬದುಕಿದರು. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ ನಮ್ಮ ಅನೇಕ ಶಾಲೆಗಳಲ್ಲಿ ಸಂಗೀತದ, ಚಿತ್ರಕಲೆಯ ಪಾಠ ನಡೆದಿದೆ. ನಮ್ಮ ಸಂಸ್ಥೆಗಳೂ ಇದಕ್ಕೆ ಹೊರತಲ್ಲ ಎಂದು ಒಪ್ಪಿಕೊಳ್ಳೋಣ. ವಾರ್ಷಿಕೋತ್ಸವ ಹತ್ತಿರ ಬಂದಾಗ ಮಾತ್ರ ನಮಗೆ ಡ್ರಾಯಿಂಗ್ ಮೇಷ್ಟ್ರ ನೆನಪಾಗುತ್ತದೆ!

ಅವರ ಬದುಕು ಉದ್ದವಾಗಲಿಲ್ಲ. 1942ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೊಂದು ವರ್ಷ. ಆಗ ಮಗನಿಗೆ ಹತ್ತು ವರ್ಷ. ನಿಜಾಮರ ರಾಜ್ಯ ಭಾರತಕ್ಕೆ ಸೇರಿದ್ದನ್ನಾಗಲಿ (1948), ರಾಯಚೂರು ಮತ್ತು ಮಂಗಳೂರು ಒಂದೇ ರಾಜ್ಯದೊಳಗೆ ಬಂದದ್ದನ್ನಾಗಲಿ (1956) ತಾರಾನಾಥರು ನೋಡಲಿಲ್ಲ.

ಅವರ ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ತಂದೆ ಕಲಿಸಿದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಮಗನ ಬದುಕಿನಲ್ಲೇ ನೋಡಬೇಕು. ಮಗ ರಾಜೀವ ತಾರಾನಾಥರು 1932ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಮೊದಲ ಗುರು ತಂದೆಯೇ, ಕಲಿತದ್ದು ಹಾಡುಗಾರಿಕೆ. ಹತ್ತು ವರ್ಷ ತುಂಬುವ ಮೊದಲೇ ಸಭೆಯಲ್ಲಿ ಹಾಡಿದ ಹುಡುಗ, ಇಪ್ಪತ್ತು ತುಂಬುವ ಮೊದಲೇ ಆಕಾಶವಾಣಿಯಲ್ಲಿ ಹಾಡಿದ. ಓದಿನಲ್ಲೂ ಹಿಂದೆ ಬೀಳಲಿಲ್ಲ. ಇಂಗ್ಲಿಷ್ ಸಾಹಿತ್ಯ ಓದಿ, ಕವಿ ಟಿ.ಎಸ್. ಎಲಿಯಟ್ ಕುರಿತು ಡಾಕ್ಟರೇಟ್ ಪಡೆದು, ಪ್ರಾಧ್ಯಾಪಕರಾದರು. ತಂದೆ-ತಾಯಿಗಳು ಬಯಸುವಂಥದ್ದು ಇದೇ ಅಲ್ಲವೇ? ಮೊದಲು ಡಿಗ್ರಿ, ಆಮೇಲೆ ಹಾಡು!

ಆದರೆ 1952ರಲ್ಲಿ ಬೆಂಗಳೂರಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿದ್ದು ರಾಜೀವರನ್ನು ಬಿಡಲಿಲ್ಲ. ಗುರುವನ್ನು ಹುಡುಕಿಕೊಂಡು ಕಲ್ಕತ್ತಕ್ಕೆ ಹೋದರು, ಹೊಸದಾಗಿ ಶಿಷ್ಯರಾದರು. ಸರೋದ್ ಹಾಡುವವನಿಗೆ ಅಪರಿಚಿತ ವಾದ್ಯ. ಸಿತಾರಿನಲ್ಲಿ ಬೆರಳಿಡಲು ಮೆಟ್ಟಿಲುಗಳಿವೆ. ಸರೋದಿನಲ್ಲಿ ನುಣುಪಾದ ಉಕ್ಕಿನ ತಗಡು ಮಾತ್ರ. ಬಲಗೈಯಲ್ಲಿ ತೆಂಗಿನ ಚಿಪ್ಪಿನಿಂದ ಮಾಡಿದ ಮೀಟು, ಎಡಗೈಯ ಉಗುರುಗಳು ತಂತಿಯ ಮೇಲೆ ಜಾರುತ್ತವೆ. ಸ್ವರ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು. ಈ ಮೈಹರ್ ಪರಂಪರೆಯಲ್ಲಿ ಇನ್ನೊಂದು ವಿಶೇಷವಿದೆ. ಗುರು ಬಹಳ ಸಲ ವಾದ್ಯವನ್ನು ಮುಟ್ಟುವುದಿಲ್ಲ. ಹಾಡಿ ತೋರಿಸುತ್ತಾನೆ, ಶಿಷ್ಯ ಅದನ್ನು ತಂತಿಯಲ್ಲಿ ಹಿಡಿಯಬೇಕು. ಹಾಗಾಗಿ ತಂದೆ ಕೊರಳಿಗೆ ಹಾಕಿಕೊಟ್ಟ ಪಾಠ ವ್ಯರ್ಥವಾಗಲಿಲ್ಲ, ಕೈಗೆ ಇಳಿಯಿತು.

ಈ ಪರಂಪರೆಯ ಮೂಲಪುರುಷ ಬಾಬಾ ಅಲ್ಲಾವುದ್ದೀನ್ ಖಾನರು ಅಲಿ ಅಕ್ಬರರ ತಂದೆ. ಮಧ್ಯಭಾರತದ ಮೈಹರ್ ಸಂಸ್ಥಾನದಲ್ಲಿ ಸಾಂಕ್ರಾಮಿಕ ರೋಗ ಬಂದು ಅನಾಥರಾದ ಮಕ್ಕಳನ್ನು ಕೂಡಿಸಿ, ವಾದ್ಯ ಕಲಿಸಿ, ಬ್ಯಾಂಡ್ ಕಟ್ಟಿದವರು. ನಮ್ಮ ಕರಾವಳಿಯಲ್ಲಿ ಹಬ್ಬದ ಮೆರವಣಿಗೆಗೆ ಬ್ಯಾಂಡ್ ನುಡಿಸುವ ಮನೆತನಗಳಿಗೆ ಈ ಸಂಗತಿ ಹಿಡಿಸಬಹುದು. ರಾಯಚೂರಿನಲ್ಲಿ ಒಬ್ಬರು, ಮೈಹರಿನಲ್ಲಿ ಇನ್ನೊಬ್ಬರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇನ್ನೊಬ್ಬರ ನೋವಿಗೆ ಜೊತೆಯಾಗುವ ಪಾಠಶಾಲೆ ನಡೆಸುತ್ತಿದ್ದರು. ಒಬ್ಬರ ಮಗ ಮುಂದೆ ಇನ್ನೊಬ್ಬರ ಮಗನ ಶಿಷ್ಯನಾದ.

ರಾಜೀವರು ಬಹಳ ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟರು. ಇಂಗ್ಲಿಷ್ ಪಾಠ ಒಂದು ಕಡೆ, ಸರೋದ್ ಒಂದು ಕಡೆ. ಭಾರತದಲ್ಲಿ ಕಲಿಸಿದರು, ಯೆಮೆನಿನ ಏಡನ್‌ನಲ್ಲಿ ಕಲಿಸಿದರು. 1970ರ ಸಂಸ್ಕಾರ ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. ಹೈದರಾಬಾದಿನಲ್ಲಿ, ಅಂದರೆ ತಂದೆ ಅನುಮತಿಗಾಗಿ ಕಾಯಬೇಕಾಗಿದ್ದ ನಿಜಾಮರ ಅದೇ ರಾಜಧಾನಿಯಲ್ಲಿ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ವಿಭಾಗದ ಮುಖ್ಯಸ್ಥರೂ ಆದರು. ನಂತರ, ಹೆಚ್ಚಿನವರು ಪಿಂಚಣಿಯ ಲೆಕ್ಕ ಹಾಕತೊಡಗುವ ವಯಸ್ಸಿನಲ್ಲಿ, ಆ ಕುರ್ಚಿಯನ್ನು ಬಿಟ್ಟು ಸರೋದ್ ಒಂದನ್ನೇ ಹಿಡಿದರು. ಮಾನ್ವಿಯ ಪಂಡಿತರ ಕಥೆ ನೆನಪಾಗುವುದು ಇಲ್ಲಿ.

ವಿಶ್ವವಿದ್ಯಾಲಯ ಅವರನ್ನು ಮತ್ತೆ ಕರೆಯಿತು, ಆದರೆ ಈ ಸಲ ಇಂಗ್ಲಿಷಿಗಾಗಿ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಆರ್ಟ್ಸ್ ಎಂದು ಹೆಸರಾದ ಕಲಾ ವಿದ್ಯಾಸಂಸ್ಥೆ ಇದೆ. ಮಿಕ್ಕಿ ಮೌಸ್‌ನ ವಾಲ್ಟ್ ಡಿಸ್ನಿ ಅದರ ಸ್ಥಾಪನೆಗೆ ಕಾರಣರಾದವರು. ಚಿತ್ರ, ನೃತ್ಯ, ನಾಟಕ, ಸಂಗೀತ, ಸಿನಿಮಾ ಎಲ್ಲವೂ ಒಂದೇ ಆವರಣದಲ್ಲಿ. ಕಲಾವಿದರೇ ಅಲ್ಲಿ ಅಧ್ಯಾಪಕರು. ಸಂಜೆ ವೇದಿಕೆ ಏರಿದವನು ಬೆಳಿಗ್ಗೆ ತರಗತಿಗೆ ಬರುತ್ತಾನೆ. ರಾಜೀವ ತಾರಾನಾಥರು 1995ರಿಂದ 2005ರವರೆಗೆ ಅಲ್ಲಿ ಭಾರತೀಯ ಸಂಗೀತ ವಿಭಾಗದ ಹೊಣೆ ಹೊತ್ತರು. ಭಾರತದಲ್ಲಿ ಅವರು ಇಂಗ್ಲಿಷ್ ಪ್ರಾಧ್ಯಾಪಕ, ಇಂಗ್ಲಿಷರ ನಾಡಿನಂಥ ಅಮೆರಿಕದಲ್ಲಿ ಸಂಗೀತದ ಪ್ರಾಧ್ಯಾಪಕ! ಇದರಲ್ಲಿ ನಗುವುದಕ್ಕೂ ಇದೆ, ನಾವು ಸ್ವಲ್ಪ ನಾಚಿಕೊಳ್ಳುವುದಕ್ಕೂ ಇದೆ. ತಂದೆ ತುಂಗಭದ್ರೆಯ ದಂಡೆಯಲ್ಲಿ ಯಾವ ವಿಶ್ವವಿದ್ಯಾಲಯದ ಮುದ್ರೆಯೂ ಇಲ್ಲದೆ ನಡೆಸಿದ್ದನ್ನು, ಕಡಲಾಚೆಯ ಸಂಸ್ಥೆಯೊಂದು ಸಂಬಳ ಕೊಟ್ಟು ಮಗನಿಂದ ಮಾಡಿಸಿತು.

ಅಮೆರಿಕದಿಂದ ಮರಳಿದ ಮೇಲೆ ಅವರು ಮೈಸೂರಿನಲ್ಲಿ ನೆಲೆಸಿ ಶಿಷ್ಯರಿಗೆ ಕಲಿಸುತ್ತಿದ್ದರು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತ್ತು, 2019ರಲ್ಲಿ ಪದ್ಮಶ್ರೀ ಬಂತು. 2024ರ ಜೂನ್ 11ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ಮೈಸೂರಿನಲ್ಲೇ ನಿಧನರಾದರು. ಅಂದರೆ, ತಂದೆ ಬದುಕಿದ್ದಕ್ಕಿಂತ ನಾಲ್ವತ್ತು ವರ್ಷ ಹೆಚ್ಚು ಬದುಕಿದರು.

ನಮ್ಮ ರಾಜ್ಯದಲ್ಲೂ ಕಾಲ ಬದಲಾಗಿಲ್ಲ ಎನ್ನುವಂತಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಅವರಂಥವರು ಪಾಠ ಹೇಳಿದ್ದುಂಟು. ಮೈಸೂರಿನಲ್ಲಿ 2009ರಿಂದ ಗಂಗೂಬಾಯಿಯವರ ಹೆಸರಿನಲ್ಲೇ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನಡೆಯುತ್ತಿದೆ. ರಾಯಚೂರಿಗೆ ತನ್ನದೇ ಸಾಮಾನ್ಯ ವಿಶ್ವವಿದ್ಯಾಲಯ ಬಂದದ್ದು ಮಾತ್ರ 2020ರ ನಂತರ, ಹಮ್‌ದರ್ದ್ ಶಾಲೆ ಹುಟ್ಟಿ ಸುಮಾರು ನೂರು ವರ್ಷಗಳಾದ ಮೇಲೆ. ಊರಿನ ರಂಗಮಂದಿರಕ್ಕೆ ಅದೇ ಜಿಲ್ಲೆಯ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟಿದ್ದಾರೆ. ಮಂತ್ರಿಗಳ ಹೆಸರಿನ ಬದಲು ಹಾಡುಗಾರನ ಹೆಸರು! ಆ ಕಡೆ ಸೇವೆಗೆ ಹೋಗುವ ನಮ್ಮವರು ಒಮ್ಮೆ ಅತ್ತ ಹೋಗಿ ಬರಲಿ, ಹಾಗೆಯೇ ಹಮ್‌ದರ್ದ್ ಶಾಲೆಯನ್ನೂ ನೋಡಿ ಬರಲಿ.

ಅಂದು ಬಂದಿದ್ದ ಆ ತಂದೆ-ತಾಯಿ ಈ ಕಥೆಯನ್ನು ಪೂರ್ತಿ ಕೇಳಿದರು. ತಾಯಿ ಏನೂ ಹೇಳಲಿಲ್ಲ. ತಂದೆ ಮಾತ್ರ ಎದ್ದು ಹೊರಡುವಾಗ, ರಾಜೀವರಿಗೆ ಮೊದಲು ಇಂಗ್ಲಿಷ್ ಡಾಕ್ಟರೇಟ್ ಇತ್ತಲ್ಲ ಫಾದರ್ ಎಂದು ನೆನಪಿಸಿದರು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಮೊನ್ನೆ ಭಾನುವಾರದ ಪೂಜೆಯ ನಂತರ ಮಗಳೇ ಬಂದು, ಅರ್ಜಿಯ ಜೊತೆ ಇಡಲು ನಮ್ಮಿಂದ ಒಂದು ಗುಣನಡತೆ ಪತ್ರ ಬೇಕು ಎಂದು ಕೇಳಿದಳು. ಬರೆದುಕೊಟ್ಟೆವು.